ಏನೂ ಮಾಡದಿರುವುದನ್ನು ಕಲಿಯಲು ಬಂದವರು

ಜಪಾನಿನ ಶಿಕೊಕು ದ್ವೀಪದಲ್ಲಿ ಒಂದು ಕಿತ್ತಳೆ ಗುಡ್ಡ. ಅದರ ಮೇಲೆ ಮಣ್ಣಿನ ಗೋಡೆಯ ಕೆಲವು ಗುಡಿಸಲುಗಳು. ವಿದ್ಯುತ್ತಿಲ್ಲ, ನಲ್ಲಿಯಿಲ್ಲ. ಕುಡಿಯುವ ನೀರನ್ನು ಒರತೆಯಿಂದ ಹೊತ್ತು ತರಬೇಕು, ಅಡುಗೆಗೆ ಸೌದೆ ಒಲೆ, ರಾತ್ರಿಗೆ ಸೀಮೆಎಣ್ಣೆ ದೀಪ. 1970ರ ದಶಕದಲ್ಲಿ ಬೇಸಾಯ ಕಲಿಯಲೆಂದು ಯುವಜನರು ಇಲ್ಲಿಗೆ ಬರತೊಡಗಿದರು. ಕೆಲವರು ನಾಲ್ಕು ದಿನ ಇದ್ದು ಹೋದರೆ ಇನ್ನು ಕೆಲವರು ವರ್ಷಗಟ್ಟಲೆ ನಿಂತರು. ಗುಡ್ಡದ ಒಡೆಯ ಮಸನೊಬು ಫುಕುವೋಕ ಅವರು ಖರ್ಚಿಗೆಂದು ಒಬ್ಬೊಬ್ಬರಿಗೂ ತಿಂಗಳಿಗೆ 10,000 ಯೆನ್ ಕೊಡುತ್ತಿದ್ದರು.

‘ಒಂದು ಹುಲ್ಲಿನ ಕ್ರಾಂತಿ’ಯಿಂದಾಗಿ ಫುಕುವೋಕ ಹೆಸರು ಕನ್ನಡಿಗರಿಗೆ ಹೊಸದೇನಲ್ಲ. ಉಳುವುದು ಬೇಡ, ಗೊಬ್ಬರ ಬೇಡ, ಕಳೆ ಕೀಳುವುದು ಬೇಡ, ಕೀಟನಾಶಕ ಬೇಡ ಎಂದವರು ಅವರು. ಇದನ್ನು ಓದಿ, ಚಾಪೆ ಹಾಸಿ ಮಲಗುವುದೇ ಸಹಜ ಕೃಷಿ ಎಂದು ನಗುವವರು ನಮ್ಮಲ್ಲೂ ಇದ್ದಾರೆ. ಏನೂ ಮಾಡಬೇಕಿಲ್ಲವೆಂದ ಮೇಲೆ ಕಲಿಯುವುದಕ್ಕೆ ಉಳಿದದ್ದಾದರೂ ಏನು?

ಉತ್ತರ ಫುಕುವೋಕ ಅವರ ಮೊದಲ ಸೋಲಿನಲ್ಲಿದೆ. 1913ರಲ್ಲಿ ಹುಟ್ಟಿದ ಅವರು ಸಸ್ಯರೋಗ ಶಾಸ್ತ್ರ ಓದಿದವರು, ಯೊಕೊಹಾಮಾ ಬಂದರಿನಲ್ಲಿ ಸಸ್ಯ ತಪಾಸಣೆಯ ಕೆಲಸದಲ್ಲಿದ್ದವರು. ಅದನ್ನು ಬಿಟ್ಟು ಊರಿಗೆ ಬಂದು, ತಂದೆಯ ಕಿತ್ತಳೆ ತೋಟವನ್ನು ಪ್ರಕೃತಿಗೇ ಒಪ್ಪಿಸಿದರು. ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡವು, ಕೀಟ ಬಿತ್ತು, ಮರಗಳು ಒಣಗಿದವು. ಅವು ಅದುವರೆಗೆ ವರ್ಷವರ್ಷವೂ ಸವರಿಸಿಕೊಂಡೇ ಬೆಳೆದ ಮರಗಳು. ಒಮ್ಮೆ ಕೈ ಹಾಕಿದ ಮರವನ್ನು ಏಕಾಏಕಿ ಬಿಟ್ಟುಬಿಟ್ಟರೆ ಅದು ಸಹಜ ಕೃಷಿಯಲ್ಲ, ಪಾಳುಬಿಡುವುದು. ಈ ವ್ಯತ್ಯಾಸವೇ ಗುಡ್ಡದ ಪಾಠ.

ಗದ್ದೆಯ ಲೆಕ್ಕ ನೋಡಿ. ಅಕ್ಟೋಬರಿನಲ್ಲಿ ಭತ್ತ ಇನ್ನೂ ನಿಂತಿರುವಾಗಲೇ ಅದರ ನಡುವೆ ಕ್ಲೋವರ್ ಮತ್ತು ಬಾರ್ಲಿ ಬೀಜ ಎರಚಬೇಕು. ಕ್ಲೋವರ್ ನಮ್ಮ ಹುರುಳಿ, ಹೆಸರಿನಂತೆ ಗಾಳಿಯ ಸಾರಜನಕವನ್ನು ನೆಲಕ್ಕಿಳಿಸುವ ಗಿಡ. ಭತ್ತ ಕೊಯ್ದು ಬಡಿದ ಮೇಲೆ ಹುಲ್ಲನ್ನು ಮರಳಿ ಗದ್ದೆಗೇ ಹರಡಬೇಕು. ಚಳಿಗಾಲದಲ್ಲಿ ಮುಂದಿನ ಭತ್ತದ ಬೀಜವನ್ನು ಮಣ್ಣುಂಡೆಯೊಳಗಿಟ್ಟು ಚೆಲ್ಲಬೇಕು. ಮೇ ತಿಂಗಳಲ್ಲಿ ಬಾರ್ಲಿ ಕೊಯ್ಲು. ಜೂನ್ ಮಳೆಯಲ್ಲಿ ವಾರ ಹತ್ತು ದಿನ ನೀರು ನಿಲ್ಲಿಸಿದರೆ ಕ್ಲೋವರ್ ಸೊರಗಿ ಭತ್ತ ಮೇಲೇಳುತ್ತದೆ. ಹೊತ್ತು ತಪ್ಪಿತೋ, ಬೆಳೆಯೂ ತಪ್ಪಿತು. ಹುಲ್ಲು ಹರಡುವುದರಲ್ಲೂ ಮರ್ಮವಿದೆ. ಕತ್ತರಿಸದೆ, ಅಡ್ಡಾದಿಡ್ಡಿ ಎಸೆಯಬೇಕು. ಹೂದೋಟದ ಪಾತಿಗೆ ಹೊದಿಸುವಂತೆ ಓರಣವಾಗಿ ಹಾಸಿದರೆ ಮೊಳಕೆ ಮೇಲೆ ಬರುವುದಿಲ್ಲ. ಓರಣವನ್ನೇ ಕಲಿತು ಬಂದ ಕೈಗೆ ಇದು ಕಷ್ಟದ ಕೆಲಸವೇ. ಜೊತೆಗೆ ಆಡು, ಕೋಳಿ, ಜೇನು, ಸೌದೆ ಎಂದು ದಿನವಿಡೀ ದುಡಿಮೆ. ‘ಏನೂ ಮಾಡದ’ ಕೃಷಿಯ ಶಿಷ್ಯರಿಗೆ ಪುರುಸೊತ್ತಿರಲಿಲ್ಲ!

ಶಿಷ್ಯರಲ್ಲೊಬ್ಬರು ಅಮೆರಿಕದ ಲ್ಯಾರಿ ಕಾರ್ನ್. 1975ರಲ್ಲಿ ಜಪಾನಿ ಭಾಷೆಯಲ್ಲಿ ಬಂದ ಗುರುವಿನ ಪುಸ್ತಕವನ್ನು ಗೆಳೆಯರೊಡನೆ ಸೇರಿ ಇಂಗ್ಲಿಷಿಗೆ ತಂದರು. 1978ರಲ್ಲಿ ಅದು ಅಮೆರಿಕದಲ್ಲಿ ಅಚ್ಚಾಯಿತು. ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿ ಅವರಂಥ ರೈತರು ಫುಕುವೋಕ ಚಿಂತನೆಯಿಂದ ಪ್ರಭಾವಿತರಾಗಿ, ರಾಸಾಯನಿಕ ಬಿಟ್ಟು, ತಮ್ಮ ಹೊಲವನ್ನೇ ಪಾಠಶಾಲೆ ಮಾಡಿದ್ದು ನಮ್ಮ ನೆಲದ ಕಥೆ. 2019ರಲ್ಲಿ ತೀರಿಕೊಳ್ಳುವವರೆಗೂ ಅವರು ಕಲಿಸುತ್ತಲೇ ಇದ್ದರು.

ಗುಡ್ಡದಲ್ಲಿ ಕಲಿತವರ ನಿಜವಾದ ತೊಡಕು ಬೇರೆ. ಫುಕುವೋಕ ಅವರಿಗೆ ಸೋಲಲು ತಂದೆಯ ತೋಟವಿತ್ತು, ಶಿಷ್ಯರಿಗೆ? ಜಪಾನಿನಲ್ಲಿ ಗೇಣಿದಾರರಿಗೆ ಭೂಮಿ ಹಂಚಿದ ಸುಧಾರಣೆಯನ್ನು ಕಾಪಾಡಲು 1952ರಲ್ಲಿ ಬಂದ ಕಾನೂನು, ರೈತರಲ್ಲದವರು ಸಾಗುವಳಿ ಭೂಮಿ ಕೊಳ್ಳದಂತೆ ತಡೆಯಿತು. ಅದರಡಿ ಆಗ ಬಹುತೇಕ ಕಡೆ ಕನಿಷ್ಠ 50 ಆರ್, ಅಂದರೆ ಸುಮಾರು ಒಂದೂಕಾಲು ಎಕರೆ, ಸಾಗುವಳಿ ಇರಲೇಬೇಕಿತ್ತು. ಫುಕುವೋಕ ಅವರ ಇಡೀ ಭತ್ತದ ಗದ್ದೆಯೂ ಅಷ್ಟೇ! ಬಂಡವಾಳಿಗರನ್ನು ದೂರವಿಡಲು ಹಾಕಿದ ಬೇಲಿ, ಅರ್ಧ ಎಕರೆ ಸಾಕೆನ್ನುವ ಕಲಿಕೆಗಾರನನ್ನೂ ಹೊರಗೇ ನಿಲ್ಲಿಸಿತು. ಕರ್ನಾಟಕದಲ್ಲೂ ಇಂಥದೇ ಬೇಲಿಯಿತ್ತು. 2020ರಲ್ಲಿ ಅದನ್ನು ಸಡಿಲಿಸಿದಾಗ ನಮ್ಮ ರೈತ ಸಂಘಟನೆಗಳು ಬೀದಿಗಿಳಿದದ್ದು ಓದುಗರಿಗೆ ನೆನಪಿರಬಹುದು. ಸಣ್ಣ ರೈತನ ಜಮೀನು ದುಡ್ಡಿದ್ದವರ ಪಾಲಾದೀತೆಂಬ ಅವರ ಭಯವನ್ನು ತಳ್ಳಿಹಾಕುವಂತಿಲ್ಲ.

ಜಪಾನ್ ಆ ಕನಿಷ್ಠ ಮಿತಿಯನ್ನು ತೆಗೆದುಹಾಕಿದ್ದು 2023ರಲ್ಲಿ. ಫುಕುವೋಕ ಅವರು 2008ರಲ್ಲೇ, ತಮ್ಮ 95ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.