ಗಂಟೆ ಕಟ್ಟಿದವನ ಕತೆ

ಬೆಕ್ಕಿಗೆ ಗಂಟೆ ಕಟ್ಟೋಣ ಅಂದ ಇಲಿಯನ್ನು ನಾವೆಲ್ಲ ಗೇಲಿ ಮಾಡ್ತೀವಿ. ಪಾಪ, ಅದರ ಐಡಿಯಾ ಸರಿಯಾಗೇ ಇತ್ತು. ಕಟ್ಟೋಕೆ ಹೋಗೋರು ಇರಲಿಲ್ಲ ಅಷ್ಟೆ. ಕಳ್ಳರಿಗೆ ಕರೆಂಟಿನ ಗಂಟೆ ಕಟ್ಟಿದ ಕತೆಯೂ ಹೆಚ್ಚುಕಮ್ಮಿ ಹೀಗೇ. ಐಡಿಯಾ ಒಬ್ಬನದು, ಮನೆಮನೆಗೆ ಹೋಗಿ ಕಟ್ಟಿದವನು ಇನ್ನೊಬ್ಬ. ನಾನು ಹೇಳ ಹೊರಟಿರೋದು ಆ ಎರಡನೆಯವನ ಬಗ್ಗೆ. ಹೆಸರು ಎಡ್ವಿನ್ ಹೋಮ್ಸ್. (ಷರ್ಲಾಕ್‌ಗೂ ಇವನಿಗೂ ಸಂಬಂಧವಿಲ್ಲ :) )

ಮೊದಲನೆಯವನನ್ನೂ ಪರಿಚಯಿಸಿಬಿಡ್ತೀನಿ. ಅಮೆರಿಕದ ಬಾಸ್ಟನ್ ನಗರಕ್ಕೆ ಅಂಟಿಕೊಂಡಂತೆ ಸೋಮರ್‌ವಿಲ್ ಅಂತ ಒಂದು ಊರಿದೆ. ಅಲ್ಲಿನ ಚರ್ಚೊಂದರ ಪಾದ್ರಿ ಅಗಸ್ಟಸ್ ಪೋಪ್. ಭಾನುವಾರ ಪ್ರವಚನ, ಬಿಡುವಿನಲ್ಲಿ ಬ್ಯಾಟರಿ, ತಂತಿ, ಅಯಸ್ಕಾಂತ! ಮೋರ್ಸ್‌ನ ಟೆಲಿಗ್ರಾಫ್ 1844ರಲ್ಲೇ ಬಂದಿತ್ತಲ್ಲ, ಹಾಗಾಗಿ ಈ ಸಾಮಾನುಗಳೆಲ್ಲ ಆಗ ಹೊಸ ಕಾಲದ ಹುಚ್ಚು. 1853ರ ಜೂನ್‌ನಲ್ಲಿ ಪೋಪ್‌ಗೆ ಕಳ್ಳರ ಗಂಟೆಯ ಪೇಟೆಂಟ್ ಸಿಕ್ಕಿತು.

ಅದರ ತತ್ವ ಬಲು ಸರಳ. ಫ್ರಿಜ್ಜಿನ ಬಾಗಿಲು ತೆಗೆದ ಕೂಡಲೇ ಒಳಗೆ ಲೈಟ್ ಹತ್ತುತ್ತಲ್ಲ, ಹಾಗೇ. ಪ್ರತಿ ಬಾಗಿಲು, ಪ್ರತಿ ಕಿಟಕಿಗೂ ಒಂದೊಂದು ಸ್ವಿಚ್ಚು. ಎಲ್ಲವೂ ಬ್ಯಾಟರಿಗೆ ಪ್ಯಾರಲಲ್ ಆಗಿ ಜೋಡಣೆ. ಯಾವ ಬಾಗಿಲು ತೆರೆದರೂ ಸರ್ಕ್ಯೂಟ್ ಪೂರ್ತಿಯಾಗುತ್ತೆ, ವಿದ್ಯುತ್ಕಾಂತವು ಸಣ್ಣ ಸುತ್ತಿಗೆಯೊಂದನ್ನು ಕುಣಿಸುತ್ತೆ, ಸುತ್ತಿಗೆ ಗಂಟೆ ಬಡಿಯುತ್ತೆ. ಕಳ್ಳ ಗಾಬರಿಯಾಗಿ ಬಾಗಿಲು ಮುಚ್ಚಿದರೂ ಗಂಟೆ ನಿಲ್ಲೋದಿಲ್ಲ, ಯಾಕಂದ್ರೆ ಒಂದು ಸ್ಪ್ರಿಂಗ್ ಸರ್ಕ್ಯೂಟನ್ನು ಹಿಡಿದುಕೊಂಡೇ ಇರುತ್ತೆ. ಪಾದ್ರಿಗೆ ಕಳ್ಳರ ಮನಸ್ಸು ಚೆನ್ನಾಗೇ ಗೊತ್ತಿತ್ತು ಅನ್ನಿ!

ಒಂದು ದೊಡ್ಡ ತೂತು ಮಾತ್ರ ಉಳಿದಿತ್ತು. ತಂತಿಯನ್ನೇ ಕತ್ತರಿಸಿದ್ರೆ? ಗಂಟೆ ಗಪ್‌ಚಿಪ್. ಇದಕ್ಕೆ ಮುಂದೆ ಬಂದ ಪರಿಹಾರ ಉಲ್ಟಾ ಯೋಚನೆ: ತಂತಿಯಲ್ಲಿ ಯಾವಾಗಲೂ ಸ್ವಲ್ಪ ಕರೆಂಟ್ ಹರಿತಾನೇ ಇರಲಿ, ಹರಿಯೋದು ನಿಂತರೆ ಗಂಟೆ ಬಾರಿಸಲಿ. ಲ್ಯಾಬಿನಲ್ಲಿ 'ನಾರ್ಮಲಿ ಓಪನ್', 'ನಾರ್ಮಲಿ ಕ್ಲೋಸ್ಡ್' ಅಂತ ಬಾಯಿಪಾಠ ಮಾಡಿ ವೈವಾದಲ್ಲಿ ತೊದಲಿದವರಿಗೆಲ್ಲ ಈಗ ನೆನಪಾಗಿರಬೇಕು. ಇವತ್ತಿಗೂ ತಂತಿ ಎಳೆದು ಹಾಕೋ ಅಲಾರಂಗಳ ಬಾಗಿಲ ಸ್ವಿಚ್ಚು ಸಾಮಾನ್ಯವಾಗಿ ಈ ಎರಡನೇ ಪದ್ಧತಿಯದೇ.

ಇರಲಿ. ಪೇಟೆಂಟ್ ಬಂತು, ಅದರ ಬೆನ್ನಿಗೇ ಅಲಾರಂ ಹಾಕೋ ಕಸುಬೇನೂ ಹುಟ್ಟಲಿಲ್ಲ. ಅದಕ್ಕೆ ಹೋಮ್ಸ್ ಬರಬೇಕಾಯ್ತು.

ಹೋಮ್ಸ್ ಹುಟ್ಟಿದ್ದು 1820ರಲ್ಲಿ, ಮ್ಯಾಸಚೂಸೆಟ್ಸ್‌ನ ವೆಸ್ಟ್ ಬಾಯ್ಲ್‌ಸ್ಟನ್‌ನಲ್ಲಿ. ಇಂಜಿನಿಯರ್ ಅಲ್ಲ, ವಿಜ್ಞಾನಿಯೂ ಅಲ್ಲ. ಬಾಸ್ಟನ್‌ನಲ್ಲಿ ಸೂಜಿ, ದಾರ, ಗುಂಡಿ ಮಾರೋ ಅಂಗಡಿ ಇಟ್ಟಿದ್ದವನು, ನಮ್ಮ ಕಡೆಯ ಫ್ಯಾನ್ಸಿ ಸ್ಟೋರ್ ಇದ್ದ ಹಾಗೆ. 1857ರಲ್ಲಿ ಪೋಪ್‌ನ ಪೇಟೆಂಟ್ ಹಕ್ಕು ಕೊಂಡುಕೊಂಡ. 1,500 ಡಾಲರ್ ನಗದು, ಮಿಕ್ಕ 8,000 ಡಾಲರಿಗೆ ಸಾಲದ ಚೀಟಿ. ವಯಸ್ಸು 37, ಸಂಸಾರಸ್ಥ, ಕೈಯಲ್ಲೊಂದು ನಡೆಯೋ ವ್ಯಾಪಾರ. ಈ ವಯಸ್ಸಿಗೆ ನಾವು ಕೆಲಸ ಬದಲಿಸೋಕೇ ಇಎಂಐ ಲೆಕ್ಕ ಹಾಕ್ತೀವಿ. ಇವನು ನಗದಿನ ಐದು ಪಟ್ಟಿಗೂ ಮೀರಿ ಸಾಲ ಮಾಡಿದ್ದು, ಜನ ಕೇಳೇ ಇರದಿದ್ದ ಒಂದು ಕಸುಬಿಗಾಗಿ. ಮರುವರ್ಷ, 1858ರಲ್ಲಿ, ಬಾಸ್ಟನ್‌ನಲ್ಲಿ ಮೊದಲ ಅಲಾರಂ ಹಾಕಿದ. ಅದೇ ವರ್ಷ ಪೋಪ್ ತೀರಿಕೊಂಡ.

ಪೇಟೆಂಟ್ ಕಾಗದದಲ್ಲಿ ಇಲ್ಲದ ಕೆಲಸವೆಲ್ಲ ಇಲ್ಲಿಂದ ಶುರು. ಮನೆಗಳಿಗೆ ಕರೆಂಟೇ ಇರಲಿಲ್ಲ ನೋಡಿ. ಎಡಿಸನ್ನನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ಶುರುವಾಗಿದ್ದೇ 1882ರಲ್ಲಿ. ಅಂದ್ರೆ ಗಾಜಿನ ಜಾಡಿಯ ಬ್ಯಾಟರಿಗಳನ್ನು ಮನೆಯಲ್ಲೇ ಇಡಬೇಕು, ಆಗಾಗ ನೋಡಿಕೊಳ್ಳಬೇಕು. ಹೊದಿಕೆ ಇರೋ ತಾಮ್ರದ ತಂತಿಯಾದ್ರೂ ಸುಲಭಕ್ಕೆ ಸಿಗ್ತಿತ್ತಾ? ಅದೂ ಇಲ್ಲ. ಆ ಕಾಲದ ಹೆಂಗಸರು ಛತ್ರಿಯಂತೆ ಅಗಲಿಸಿದ ಲಂಗ ಹಾಕ್ತಿದ್ದರು. ಅದರೊಳಗೆ ನೂಲು ಸುತ್ತಿದ ಬಳೆಯಂಥ ತಂತಿ ಇರ್ತಿತ್ತು. ಅಂಗಡಿಯವನಾಗಿದ್ದ ಹೋಮ್ಸ್‌ಗೆ ಆ ಸರಕು ಚೆನ್ನಾಗಿ ಗೊತ್ತು. ಲಂಗದ ತಂತಿಗೆ ನೂಲು ಸುತ್ತೋರಿಂದಲೇ ತಾಮ್ರದ ತಂತಿಗೂ ಸುತ್ತಿಸಿಕೊಂಡ ಅಂತಾರೆ. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ವಿಜ್ಞಾನಿಗೆ ಹೊಳೆಯೋ ಪರಿಹಾರ ಅಲ್ಲ ಇದು, ಗುಂಡಿ ದಾರ ಮಾರಿದವನಿಗೆ ಮಾತ್ರ ಹೊಳೆಯೋದು.

ಗಂಟೆ, ಸ್ವಿಚ್ಚುಗಳನ್ನು ಮಾಡಿಸಿಕೊಂಡಿದ್ದು ಬಾಸ್ಟನ್‌ನ ಕೋರ್ಟ್ ಸ್ಟ್ರೀಟ್‌ನಲ್ಲಿದ್ದ ಚಾರ್ಲ್ಸ್ ವಿಲಿಯಮ್ಸ್‌ನ ವರ್ಕ್‌ಶಾಪಿನಲ್ಲಿ. ಈ ವಿಳಾಸ ನೆನಪಿಟ್ಟುಕೊಳ್ಳಿ.

1859ರಲ್ಲಿ ಹೋಮ್ಸ್ ಬಾಸ್ಟನ್ ಬಿಟ್ಟು ನ್ಯೂಯಾರ್ಕಿಗೆ ಗಂಟುಮೂಟೆ ಕಟ್ಟಿದ. ಕಾರಣ? ದೇಶದ ಕಳ್ಳರೆಲ್ಲ ಅಲ್ಲೇ ಇದ್ದಾರೆ ಅನ್ನೋ ನಂಬಿಕೆ! ಗಿರಾಕಿ ಎಲ್ಲಿದ್ದಾನೆ ಅಂತ ನೋಡಿ ಊರು ಬದಲಿಸೋರನ್ನು ನೋಡಿದ್ದೀವಿ, ಕಳ್ಳ ಎಲ್ಲಿದ್ದಾನೆ ಅಂತ ನೋಡಿ ಹೋದವನು ಇವನೊಬ್ಬನೇ ಇರಬೇಕು.

ಆದರೆ ನ್ಯೂಯಾರ್ಕಿನವರು ನಂಬಬೇಕಲ್ಲ? ಕೆಳಗಿನ ಮನೆಯ ಕಿಟಕಿ ಎತ್ತಿದ್ರೆ ಮೂರನೇ ಮಹಡಿಯ ಮಲಗೋ ಕೋಣೆಯಲ್ಲಿ ಗಂಟೆ ಬಾರಿಸುತ್ತೆ ಅಂದರೆ ಮುಖ ಮುಖ ನೋಡ್ತಿದ್ದರು. ತಂತಿಯೊಳಗೆ ಕಣ್ಣಿಗೆ ಕಾಣದ್ದು ಅಷ್ಟು ದೂರ ಹೋಗುತ್ತಾ ಅಂತ ಅನುಮಾನ. ಹೋಮ್ಸ್ ಒಂದು ಪುಟಾಣಿ ಮನೆಯ ಮಾದರಿ ಮಾಡಿಸಿದ. ಅದಕ್ಕೆ ಬಾಗಿಲು, ಕಿಟಕಿ, ಗಂಟೆ ಎಲ್ಲ ಇತ್ತು. ಅದನ್ನು ತೋರಿಸಿಕೊಂಡು ಮನೆಮನೆ ತಿರುಗಿದ. 1861ರಲ್ಲಿ ಒಂದು ಪುಸ್ತಿಕೆಯನ್ನೂ ಅಚ್ಚು ಹಾಕಿಸಿದ. ಆಸ್ತಿಯನ್ನು ಕನ್ನಗಳ್ಳರಿಂದಲೂ ಪ್ರಾಣವನ್ನು ನಡುರಾತ್ರಿಯ ಕೊಲೆಗಡುಕರಿಂದಲೂ ಕಾಪಾಡೋ ವಿಧಾನದ ಬಗ್ಗೆ ಅಂತ ಅದರ ಉದ್ದ ಹೆಸರು. (ಹೆದರಿಸಿ ಮಾರೋದು ಇವತ್ತಿನ ಆ್ಯಂಟಿವೈರಸ್ ಕಂಪನಿಗಳ ಆವಿಷ್ಕಾರ ಅಂದುಕೊಂಡಿದ್ರಾ?) ವ್ಯಾಪಾರ ಮೆಲ್ಲಗೆ ಕುದುರಿತು. 1866ರ ಹೊತ್ತಿಗೆ ಸುಮಾರು 1,200 ಮನೆಗಳಿಗೆ ಅಲಾರಂ ಹಾಕಿದ್ದ.

ಇದನ್ನೆಲ್ಲ ಓದುವಾಗ ನನಗೆ ನನ್ನ ಸೋದರಮಾವನ ಮಗ ನೆನಪಾಗ್ತಿದ್ದ. ಐಟಿಐ ಓದಿ, ನಾಲ್ಕು ವರ್ಷ ಇನ್ನೊಬ್ಬರ ಹತ್ತಿರ ದುಡಿದು, ಈಗ ಸ್ವಂತಕ್ಕೆ ಅಲಾರಂ, ಕ್ಯಾಮೆರಾ ಹಾಕಿಕೊಡ್ತಾನೆ. ಎಸ್.ಪಿ. ರಸ್ತೆಯಲ್ಲಿ ಸಾಮಾನು ತಂದು, ಏಣಿ ಡ್ರಿಲ್ಲು ಕಟ್ಟಿಕೊಂಡು ಊರೆಲ್ಲ ಸುತ್ತುತ್ತಾನೆ. ಮದುವೆ ಮನೆಗಳಲ್ಲಿ ನೆಂಟರು ನನ್ನನ್ನು 'ಸಾಫ್ಟ್‌ವೇರು' ಅಂತ ಪರಿಚಯಿಸ್ತಾರೆ, ಅವನನ್ನು 'ಏನೋ ವೈರ್ ಎಳೀತಾನೆ' ಅಂತ. ಒಮ್ಮೆ ಅವನನ್ನೇ ಕೇಳಿದೆ, ಈ ಕೆಲಸದಲ್ಲಿ ಕಷ್ಟ ಯಾವುದು ಅಂತ. ವೈರಿಂಗ್ ಅಂತಾನೇನೋ ಅಂದುಕೊಂಡಿದ್ದೆ. ಅವನು ಹೇಳಿದ್ದು: "ಬೀರು ಎಲ್ಲಿದೆ, ಹಿಂಬಾಗಿಲ ಚಿಲಕ ಎಲ್ಲಿ ಸಡಿಲ, ಎಷ್ಟು ಹೊತ್ತಿಗೆ ಮನೆ ಖಾಲಿ... ಇದನ್ನೆಲ್ಲ ಅವರು ನಂಗೆ ಬಾಯಿಬಿಟ್ಟು ಹೇಳ್ಬೇಕಲ್ಲ ಭಾವ. ಮೊದಲನೇ ಮನೇಲಿ ಯಾರು ಹೇಳ್ತಾರೆ?"

ಹೋಮ್ಸ್‌ನ ಕಷ್ಟವೂ ಇದೇ ಅಲ್ವಾ? ಕಳ್ಳನಿಗೆ ಬೇಕಾದ ಮಾಹಿತಿ ಪೂರ್ತಿ, ಒಬ್ಬ ಅಪರಿಚಿತನ ಕೈಗೆ. ಪೋಪ್‌ನ ಪೇಟೆಂಟ್ ಕಿಟಕಿಗೆ ಸ್ವಿಚ್ಚು ಹೇಗೆ ಕೂರಿಸಬೇಕು ಅಂತ ಹೇಳುತ್ತೆ, ಆ ಕಿಟಕಿಯವರೆಗೆ ಒಳಗೆ ಬಿಟ್ಟುಕೊಳ್ಳುವಂತೆ ಮಾಡೋದು ಹೇಗೆ ಅಂತ ಹೇಳೋದಿಲ್ಲ. ಆ ಭಾಗವನ್ನು ಕಂಡುಹಿಡಿದವನು ಹೋಮ್ಸ್ ಅಂತ ನನ್ನ ವಾದ. ಕೋಡ್ ಬರೆದವನು ದೊಡ್ಡವನು, ಗಿರಾಕಿಯ ಹತ್ತಿರ ಕೂತು ಅದನ್ನು ನಡೆಸಿಕೊಡೋನು ಚಿಕ್ಕವನು ಅನ್ನೋ ನಮ್ಮ ಕ್ಯೂಬಿಕಲ್ ಜಾತಿಪದ್ಧತಿಗೆ ಈ ವಾದ ಹಿಡಿಸಲಿಕ್ಕಿಲ್ಲ. ಜಗಳಕ್ಕೆ ನಾನು ತಯಾರು!

ಮುಂದಿನದು ಬೇಗ ಬೇಗ. ಪ್ರತಿ ಮನೆಯಲ್ಲೂ ಗಂಟೆ ಬಾರಿಸೋ ಬದಲು ಎಲ್ಲ ಗಿರಾಕಿಗಳ ತಂತಿಯನ್ನೂ ಒಂದೇ ಕಚೇರಿಗೆ ಎಳೆದು, ಅಲ್ಲಿ ರಾತ್ರಿಯಿಡೀ ಜನ ಕೂರಿಸಿದರು. ಇದೇ ಸೆಂಟ್ರಲ್ ಸ್ಟೇಷನ್. ಬಾಸ್ಟನ್‌ನ ಕಚೇರಿ ನೋಡಿಕೊಳ್ತಿದ್ದವನು ಮಗ, ಅವನೂ ಎಡ್ವಿನ್ ಹೋಮ್ಸ್. ಅವರಿಗೂ ಸಾಮಾನು ಮಾಡಿಕೊಡ್ತಿದ್ದ ಕೋರ್ಟ್ ಸ್ಟ್ರೀಟಿನ ಆ ವಿಲಿಯಮ್ಸ್ ವರ್ಕ್‌ಶಾಪಿನಲ್ಲೇ ಗ್ರಹಾಂ ಬೆಲ್ ಮತ್ತು ವಾಟ್ಸನ್ ಟೆಲಿಫೋನಿನ ಪ್ರಯೋಗ ಮಾಡಿದ್ದು! 1877ರ ಮೇ ತಿಂಗಳಲ್ಲಿ ಮಗ ಹೋಮ್ಸ್ ಬೆಲ್‌ನ ಟೆಲಿಫೋನುಗಳನ್ನು ತಂದು ಬ್ಯಾಂಕುಗಳಿಗೆ ಎಳೆದಿದ್ದ ಅಲಾರಂ ತಂತಿಗೇ ಸಿಕ್ಕಿಸಿದ. ಹಗಲು ಮಾತು, ರಾತ್ರಿ ಕಾವಲು. ಬ್ಯಾಂಕಿನಿಂದ ಬ್ಯಾಂಕಿಗೆ ಮಾತು ಜೋಡಿಸಿಕೊಟ್ಟ ಆ ಕಚೇರಿ, ಟೆಲಿಫೋನ್ ಎಕ್ಸ್‌ಚೇಂಜ್ ಅನ್ನೋದರ ಮೊದಲ ಪ್ರಯೋಗ. ವ್ಯಾಪಾರಕ್ಕೆಂದೇ ತೆರೆದ ನ್ಯೂ ಹೇವನ್‌ನ ಎಕ್ಸ್‌ಚೇಂಜ್ ಬಂದಿದ್ದು 1878ರ ಜನವರಿಯಲ್ಲಿ. ಬೆಲ್ ಹತ್ತಿರ ಯಂತ್ರ ಇತ್ತು, ಊರಿನೊಳಗೆ ಎಳೆದಿಟ್ಟ ತಂತಿ ಇದ್ದಿದ್ದು ಅಲಾರಂನವರ ಹತ್ತಿರ.

ಅಪ್ಪ ಹೋಮ್ಸ್ 1901ರಲ್ಲಿ ತೀರಿಕೊಂಡ. 1905ರಲ್ಲಿ ಕಂಪನಿಯನ್ನು ಎಟಿ ಅಂಡ್ ಟಿ ಕೊಂಡಿತು. ಆಮೇಲೆ ಹೋಮ್ಸ್ ಕಂಪನಿ, ಅದರ ಪ್ರತಿಸ್ಪರ್ಧಿ ಎಡಿಟಿ, ಇನ್ನೊಂದು ಎಎಫ್ಎ, ಮೂರೂ ಗ್ರಿನೆಲ್ ಅನ್ನೋ ಒಂದೇ ಸಂಸ್ಥೆಯ ಹಿಡಿತಕ್ಕೆ ಬಂದವು. ವಿಮಾ ಕಂಪನಿಗಳ ಮಾನ್ಯತೆ ಪಡೆದ ಸೆಂಟ್ರಲ್ ಸ್ಟೇಷನ್ ವ್ಯವಹಾರದಲ್ಲಿ ಶೇ. 87 ಇವರದೇ. 1966ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ಏಕಸ್ವಾಮ್ಯ ಅಂತ ತೀರ್ಪು ಕೊಟ್ಟಿತು. ಸಾಲದ ಚೀಟಿ ಬರೆದುಕೊಟ್ಟು ಶುರು ಮಾಡಿದ ಒಬ್ಬನೇ ಒಬ್ಬನ ಕಸುಬು ಅಷ್ಟು ದೂರ ಹೋಗಿತ್ತು.

ಹ್ಞಾಂ, ಆ ಕೋರ್ಟ್ ಸ್ಟ್ರೀಟ್ ವರ್ಕ್‌ಶಾಪ್ ಈಗಿಲ್ಲ. ಆ ಜಾಗದ ಹತ್ತಿರ, ಬಾಸ್ಟನ್‌ನ ಕೆನಡಿ ಫೆಡರಲ್ ಕಟ್ಟಡದ ಬಳಿ, ಬೆಲ್ ಮತ್ತು ವಾಟ್ಸನ್ ಹೆಸರಿನ ಒಂದು ಫಲಕವಿದೆ. ಬಾಸ್ಟನ್ ಕಡೆ ಇರೋ ಕನ್ನಡಿಗರು ಯಾರಾದ್ರೂ ಓದ್ತಿದ್ರೆ, ಪುರುಸೊತ್ತಾದಾಗ ಒಂದು ಫೋಟೋ ತೆಗೆದು ಕಳಿಸ್ತೀರಾ?