ಹಾಸಿಗೆಯ ಗವಸು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ನಮ್ಮ ಹಿರಿಯರು. ಅಳತೆಯ ವಿಷಯದಲ್ಲಿ ಇಷ್ಟು ಎಚ್ಚರಿಕೆ ಕೊಟ್ಟವರು ಆ ಹಾಸಿಗೆಯ ಗವಸು ಎಂಥದಿರಬೇಕೆಂದು ಗಾದೆ ಕಟ್ಟಲಿಲ್ಲ. ಆಗ ಅದರ ಅಗತ್ಯವೇ ಇರಲಿಲ್ಲವೆಂದು ನನಗೆ ತೋರುತ್ತದೆ. ಪಿಂಜಾರರು ಬಿಲ್ಲಿನಿಂದ ಹತ್ತಿ ಹಿಂಜಿ, ಒತ್ತಾಗಿ ನೆಯ್ದ ಬಟ್ಟೆಯಲ್ಲಿ ತುಂಬಿ ಹೊಲಿದುಕೊಡುತ್ತಿದ್ದರು. ಬೂರುಗದ ಅರಳೆಯಾದರೆ ನೇಯ್ಗೆ ಇನ್ನೂ ಒತ್ತಾಗಿರಬೇಕು. ಇಲ್ಲವಾದರೆ ಆ ನಯವಾದ ಎಳೆ ಹೊರಕ್ಕೆ ನುಸುಳುತ್ತದೆ. ಮಗು ಮಲಗುವ ಕಡೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ. ನೆನೆದರೆ ಒಗೆದು ಬಿಸಿಲಿಗೆ ಹಾಕಿದರಾಯಿತು.

ಈ ಏರ್ಪಾಡಿನಲ್ಲಿ ಕೊರತೆಯೂ ಇತ್ತು: ಅದು ನೀರನ್ನು ತಡೆಯುತ್ತಿರಲಿಲ್ಲ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ನ್ಯಾಫ್ತಾದಲ್ಲಿ ಕರಗಿಸಿದ ರಬ್ಬರನ್ನು ಎರಡು ಬಟ್ಟೆಗಳ ನಡುವೆ ಸೇರಿಸಿ, ಅದಕ್ಕೆ ಪೇಟೆಂಟ್ ಪಡೆದನು. ಅದು ಸೆಖೆಗೆ ಅಂಟುತ್ತಿತ್ತು, ಚಳಿಗೆ ಬಿರುಸಾಗುತ್ತಿತ್ತು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿಧಾನಕ್ಕೆ 1844ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಪೇಟೆಂಟ್ ಪಡೆದನು. ಆ ದೋಷ ಹೀಗೆ ನೀಗಿತು. ಆಸ್ಪತ್ರೆಯ ಮಂಚಕ್ಕೂ ಬಾಣಂತಿಯ ಕೋಣೆಗೂ ರಬ್ಬರ್ ಷೀಟು ಬಂದಿತು.

1926ರಲ್ಲಿ ವಾಲ್ಡೊ ಸೆಮನ್ ಗಡಸಾದ ಪಿ.ವಿ.ಸಿ.ಯನ್ನು ಮೆತ್ತಗಾಗಿಸಿದನು. ಅಗ್ಗದ ವಸ್ತು, ಒರೆಸಿದರೆ ಸ್ವಚ್ಛ. ಆದರೆ ಮೆತ್ತಗಾಗಲೆಂದು ಬೆರೆಸುವ ಥ್ಯಾಲೇಟುಗಳು ಪ್ಲಾಸ್ಟಿಕ್ಕಿನೊಡನೆ ಬೆಸೆದುಕೊಳ್ಳದೆ ಮೆಲ್ಲಮೆಲ್ಲನೆ ಹೊರಬೀಳುತ್ತವೆ. ಮಕ್ಕಳ ಆಟಿಕೆ ಹಾಗೂ ಆರೈಕೆಯ ವಸ್ತುಗಳಲ್ಲಿ ಅಂಥ ಮೂರು ಥ್ಯಾಲೇಟುಗಳು ಶೇಕಡಾ 0.1ನ್ನು ಮೀರಬಾರದೆಂದು ಅಮೆರಿಕದ ಶಾಸನ ವಿಧಿಸಿದ್ದು 2008ರಲ್ಲಿ. ನಡುವೆ ಕಳೆದದ್ದು 82 ವರ್ಷ!

ಬೆಂಕಿಯ ಭಯದ ಕತೆಯೂ ಬೇರೆಯಲ್ಲ. ಅಲ್ಲಿ ಮಕ್ಕಳ ರಾತ್ರಿಯುಡುಪಿಗೆ ಕಿಡಿ ಹತ್ತದಿರಲೆಂದು ಟ್ರಿಸ್ ಎಂಬ ರಾಸಾಯನಿಕವನ್ನು ಸವರುತ್ತಿದ್ದರು. ಅದು ವಂಶವಾಹಿಗಳನ್ನೇ ಕೆಡಿಸಬಲ್ಲುದೆಂದು ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ 1977ರಲ್ಲಿ ಎಚ್ಚರಿಸಿದರು. ಅದೇ ವರ್ಷ ನಿಷೇಧವೂ ಬಂದಿತು.

ಔಷಧಿ ಮೊದಲು, ಪರೀಕ್ಷೆ ಆಮೇಲೆ ಎಂಬುದು ಮಲಗುವ ಕೋಣೆಗೆ ಸಲ್ಲದ ನಡೆ. ನಮ್ಮ ಆಯುಸ್ಸಿನ ಮೂರರಲ್ಲೊಂದು ಪಾಲು ಹಾಸಿಗೆಯ ಮೇಲೆ ಕಳೆಯುತ್ತದೆ. ಹಸುಗೂಸಿಗಂತೂ ದಿನದ ಬಹುಪಾಲು ಅಲ್ಲಿಯೇ. ಗವಸನ್ನು ಆರಿಸುವ ಶಕ್ತಿ ಅದಕ್ಕಿಲ್ಲ.

ಹಾಗೆಂದು ಒದ್ದೆ ಹಾಸಿಗೆಯೇ ಲೇಸೆಂದು ನಾನು ವಾದಿಸುತ್ತಿಲ್ಲ. ಒತ್ತು ನೇಯ್ಗೆಯ ಹತ್ತಿಯ ಗವಸು, ಅದರಡಿಯಲ್ಲಿ ಉಣ್ಣೆಯ ಪದರ ಇದ್ದರೆ ಬಹಳ ಮಟ್ಟಿಗೆ ಕೆಲಸ ನಡೆಯುತ್ತದೆ. ಕುರುಬರ ಕಂಬಳಿ ತುಂತುರುಮಳೆಯನ್ನು ತಡೆಯುವುದನ್ನು ಬಲ್ಲವರು ಉಣ್ಣೆಯ ಗುಣವನ್ನು ಬಲ್ಲರು. ಅದಕ್ಕೆ ಬೆಂಕಿಯೂ ಬೇಗ ಹತ್ತದು. ಆದರೆ ಹತ್ತಿ ಎಂದ ಮಾತ್ರಕ್ಕೆ ನಂಬಬೇಕಾಗಿಲ್ಲ. ಅದಕ್ಕೂ ಬಣ್ಣ ಹಾಕುತ್ತಾರೆ, ನೀರು ನಿಲ್ಲದಂತೆ ಲೇಪ ಕೊಡುತ್ತಾರೆ. ಅಂಗಡಿಯಲ್ಲಿ ಬೆಲೆ ಕೇಳುವ ಮುನ್ನ ‘ಈ ಬಟ್ಟೆಗೆ ಏನೇನು ಹಚ್ಚಿದ್ದೀರಿ?’ ಎಂದು ಕೇಳುವುದು ಗೃಹಸ್ಥನ ಹಕ್ಕು.