ಕೆಚ್ಚಲು ಬಾವು, ಎದೆ ಬಾವು: ಒಂದೇ ಬೇನೆಯ ಎರಡು ಚರಿತ್ರೆ

ಹಸುವಿನ ಕೆಚ್ಚಲು ಕೆಂಪೇರಿ ಕಲ್ಲಿನಂತಾಗಿ, ಹಿಂಡಿದರೆ ಹಾಲಿನ ಬದಲು ಹೆಪ್ಪು ಬಿದ್ದ ನೀರು ಬಂದರೆ ರೈತ ಅದನ್ನು ಕೆಚ್ಚಲು ಬಾವು ಎನ್ನುತ್ತಾನೆ. ಬಾಣಂತಿಯ ಎದೆ ಗಟ್ಟಿಯಾಗಿ, ಮುಟ್ಟಿದರೆ ನೋವಾಗಿ, ಚಳಿಜ್ವರ ಬಂದರೆ ಮನೆಯ ಹಿರಿಯ ಹೆಂಗಸರು ಹಾಲು ಕಟ್ಟಿದೆ ಎನ್ನುತ್ತಾರೆ. ಒಂದಕ್ಕೆ ಪಶುವೈದ್ಯರು, ಇನ್ನೊಂದಕ್ಕೆ ಹೆರಿಗೆ ಆಸ್ಪತ್ರೆ. ಆದರೆ ವೈದ್ಯಕೀಯ ಶಾಸ್ತ್ರ ಎರಡಕ್ಕೂ ಇಟ್ಟಿರುವ ಹೆಸರು ಒಂದೇ: ಮ್ಯಾಸ್ಟೈಟಿಸ್. ಹೆಸರು ಒಂದೇ ಆದರೂ ಹಸುವಿಗೆ ಸಿಕ್ಕ ಆರೈಕೆ ಮತ್ತು ತಾಯಿಗೆ ಸಿಕ್ಕ ಆರೈಕೆಯ ಚರಿತ್ರೆ ಬೇರೆ ಬೇರೆ ದಾರಿ ಹಿಡಿದವು.

ಭಾರತದ ಪ್ರಾಚೀನ ವೈದ್ಯರಿಗೆ ಈ ಬೇನೆ ಚೆನ್ನಾಗಿ ಗೊತ್ತಿತ್ತು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಸ್ತನರೋಗದ ವಿವರಣೆ ಇದೆ. ಕನ್ಯೆಯರಲ್ಲಿ ಸ್ತನದ ನಾಳಗಳು ಮುಚ್ಚಿರುತ್ತವೆ, ಗರ್ಭಿಣಿ ಮತ್ತು ಬಾಣಂತಿಯರಲ್ಲಿ ತೆರೆದುಕೊಳ್ಳುತ್ತವೆ, ಆದ್ದರಿಂದಲೇ ರೋಗ ಬರುವುದು ಅವರಿಗೆ ಎಂಬುದು ಅಲ್ಲಿನ ತರ್ಕ. ಚಿಕಿತ್ಸೆಯ ಭಾಗ ಇನ್ನೂ ಕುತೂಹಲಕರ. ಕೀವು ತುಂಬಿದಾಗ ಹಾಲಿನ ನಾಳಗಳನ್ನೂ ತೊಟ್ಟಿನ ಕಪ್ಪು ಭಾಗವನ್ನೂ ಬಿಟ್ಟು ಶಸ್ತ್ರ ಇಡಬೇಕು. ಬಾವು ಹಸಿಯಾಗಿರಲಿ, ಉರಿಯುತ್ತಿರಲಿ, ಮಾಗಿರಲಿ, ಹಾಲನ್ನು ಮಾತ್ರ ಸದಾ ಹಿಂಡಿ ತೆಗೆಯುತ್ತಿರಬೇಕು ಎನ್ನುತ್ತದೆ ಗ್ರಂಥ. ಅಲ್ಲಿ ಬಳಸಿರುವ ಕ್ರಿಯಾಪದ ಹಸುವನ್ನು ಕರೆಯುವುದಕ್ಕೆ ಸಂಸ್ಕೃತದಲ್ಲಿರುವ ಅದೇ ಧಾತುವಿನದು. ಕೊಟ್ಟಿಗೆಯ ಅನುಭವ ಬಾಣಂತಿಯ ಕೋಣೆಗೆ ಬಂದಿರಬಹುದೇ ಎಂದು ಊಹಿಸುವವರನ್ನು ತಪ್ಪೆನ್ನಲಾಗದು.

ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂದು ತಿಳಿದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1880ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವಿನಲ್ಲಿ ದ್ರಾಕ್ಷಿ ಗೊಂಚಲಿನಂಥ ಜೀವಾಣುಗಳನ್ನು ಕಂಡು ಸ್ಟೆಫೈಲೊಕಾಕಸ್ ಎಂದು ಹೆಸರಿಟ್ಟ. ತಾಯಂದಿರ ಎದೆ ಬಾವಿನಲ್ಲಿ ಇಂದಿಗೂ ಹೆಚ್ಚಾಗಿ ಸಿಗುವ ಅಪರಾಧಿ ಇದೇ. 1887ರಲ್ಲಿ ಫ್ರಾನ್ಸಿನ ಪಶುವೈದ್ಯರಾದ ನೊಕಾರ್ ಮತ್ತು ಮೊಲರೋ, ಒಂದು ಹಸುವಿನಿಂದ ಇನ್ನೊಂದಕ್ಕೆ ಹರಡುವ ಕೆಚ್ಚಲು ಬಾವಿನ ಜೀವಾಣುವನ್ನು ವಿವರಿಸಿದರು. ಮುಂದೆ ಅದಕ್ಕೆ ಅಗಲ್ಯಾಕ್ಟಿಯೆ ಎಂಬ ಹೆಸರು ಬಂತು; ಹಾಲಿಲ್ಲದ ಸ್ಥಿತಿ ಎಂಬ ಗ್ರೀಕ್ ಪದ ಅದರ ಮೂಲ. ರೋಗವನ್ನು ಹೊತ್ತು ತಿರುಗುತ್ತಿದ್ದದ್ದು ಹಾಲು ಕರೆಯುವವರ ಕೈ.

ಹಸುವಿನ ಈ ಜೀವಾಣು ತಾಯಂದಿರ ಕಥೆಗೂ ಬಂದು ಸೇರಿತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ರೆಬೆಕ್ಕಾ ಲ್ಯಾನ್ಸ್‌ಫೀಲ್ಡ್ 1933ರಲ್ಲಿ ಸ್ಟ್ರೆಪ್ಟೊಕಾಕಸ್‌ಗಳನ್ನು ಗುಂಪುಗಳಾಗಿ ವಿಂಗಡಿಸಿದಾಗ ಕೆಚ್ಚಲು ಬಾವಿನದು 'ಬಿ' ಗುಂಪಾಯಿತು. ಅದು ದನದ ರೋಗಾಣು, ಮನುಷ್ಯರಿಗೆ ಅಪಾಯವಿಲ್ಲ ಎಂಬ ಭಾವನೆ ಹೆಚ್ಚು ದಿನ ಉಳಿಯಲಿಲ್ಲ. 1938ರಲ್ಲಿ ಲಂಡನ್ನಿನ ವೈದ್ಯ ಫ್ರೈ, ಇದೇ ಗುಂಪಿನ ಸೋಂಕಿನಿಂದ ಸತ್ತ ಬಾಣಂತಿಯರ ಬಗ್ಗೆ ಬರೆದ. 1970ರ ದಶಕದ ಹೊತ್ತಿಗೆ ನವಜಾತ ಶಿಶುಗಳ ರಕ್ತದ ನಂಜಿಗೆ ಇದು ಪಶ್ಚಿಮ ದೇಶಗಳಲ್ಲಿ ಪ್ರಮುಖ ಕಾರಣವಾಗಿತ್ತು. (ಮನುಷ್ಯರಲ್ಲಿರುವ ತಳಿಗಳೂ ಹಸುವಿನಲ್ಲಿರುವ ತಳಿಗಳೂ ಬಹುಮಟ್ಟಿಗೆ ಬೇರೆ ಎಂದು ಆಮೇಲೆ ತಿಳಿಯಿತು. ಹಾಗಾಗಿ ಪಾಪ, ಹಸುವನ್ನು ದೂರುವುದು ಬೇಡ.)

ಈ ಚರಿತ್ರೆಯ ಅತ್ಯಂತ ಸ್ವಾರಸ್ಯದ ಪ್ರಸಂಗ ನಡೆದದ್ದು ಒಂದು ಜಾತ್ರೆಯಲ್ಲಿ. 1939-40ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಬೋರ್ಡೆನ್ ಎಂಬ ಹಾಲಿನ ಕಂಪನಿ 150 ಹಸುಗಳನ್ನು ತಂದು, ಗಿರಗಿರನೆ ತಿರುಗುವ ದೊಡ್ಡ ವೇದಿಕೆಯ ಮೇಲೆ ನಿಲ್ಲಿಸಿ, ಯಂತ್ರದಿಂದ ಹಾಲು ಕರೆದು ತೋರಿಸುತ್ತಿತ್ತು. ಆ ಮಂದೆಯಲ್ಲಿ ಕೆಚ್ಚಲು ಬಾವು ಕಾಣಿಸಿಕೊಂಡಿತು. ಲಕ್ಷಾಂತರ ಜನರ ಕಣ್ಣೆದುರು ಕಂಪನಿಯ ಮಾನದ ಪ್ರಶ್ನೆ. ಸರಿಯಾಗಿ ಆ ಹೊತ್ತಿಗೆ ರಾಕ್‌ಫೆಲರ್ ಸಂಸ್ಥೆಯ ರೆನೆ ಡುಬೊ ಮಣ್ಣಿನ ಜೀವಾಣುವೊಂದರಿಂದ ಗ್ರ್ಯಾಮಿಸಿಡಿನ್ ಎಂಬ ಔಷಧ ಬೇರ್ಪಡಿಸಿದ್ದರು. ಅದು ರಕ್ತಕ್ಕೆ ಸೇರಿದರೆ ಕೆಂಪು ಕಣಗಳನ್ನೇ ಒಡೆಯುತ್ತದೆ. ಹಾಗಾಗಿ ಸೂಜಿಮದ್ದಾಗಿ ಕೊಡುವಂತಿರಲಿಲ್ಲ. ಕೆಚ್ಚಲಾದರೋ ತೊಟ್ಟಿನ ರಂಧ್ರದಿಂದ ನೇರವಾಗಿ ಮದ್ದು ಏರಿಸಬಹುದಾದ ಚೀಲ. ಏರಿಸಿ ನೋಡಿದರು, ಮದ್ದು ಪಡೆದ ಹಸುಗಳಲ್ಲಿ ಹೆಚ್ಚಿನವು ಗುಣವಾದವು. ಆ್ಯಂಟಿಬಯೋಟಿಕ್ ಯುಗದ ಆರಂಭದ ಯಶಸ್ಸುಗಳಲ್ಲಿ ಒಂದು ಹೀಗೆ ಹಸುವಿನ ಕೆಚ್ಚಲಿನಲ್ಲಿ ದಾಖಲಾಯಿತು. ಎರಡನೆಯ ಮಹಾಯುದ್ಧದ ನಂತರ ಪೆನಿಸಿಲಿನ್ ಟ್ಯೂಬುಗಳು ಕೊಟ್ಟಿಗೆಗಳನ್ನು ತಲುಪಿದವು.

ಆಮೇಲೆ ಹಸುವಿನ ವಿಷಯದಲ್ಲಿ ವಿಜ್ಞಾನ ಬೇಗಬೇಗ ಹೆಜ್ಜೆ ಹಾಕಿತು. ಹಾಲು ಕೆಟ್ಟರೆ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ ತಾನೇ! 1957ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶಾಮ್ ಮತ್ತು ನೂರ್ಲ್ಯಾಂಡರ್ ಸರಳ ಪರೀಕ್ಷೆಯೊಂದನ್ನು ರೂಪಿಸಿದರು. ನಾಲ್ಕು ಬಟ್ಟಲಿನ ತಟ್ಟೆಗೆ ನಾಲ್ಕು ತೊಟ್ಟಿನ ಹಾಲನ್ನು ಬೇರೆ ಬೇರೆ ಹಿಂಡಿ, ಸೋಪಿನಂಥ ದ್ರಾವಣ ಬೆರೆಸಿ ಆಡಿಸಿದರೆ, ರೋಗವಿರುವ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಹೊರಗೆ ಬಾವು ಕಾಣದಿದ್ದರೂ ಒಳಗೆ ಅಡಗಿದ ರೋಗ ಸಿಕ್ಕಿಬೀಳುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಹೈನು ಸಂಶೋಧಕರು, ಕರೆದ ಮೇಲೆ ತೊಟ್ಟನ್ನು ಔಷಧದಲ್ಲಿ ಅದ್ದುವುದೂ ಸೇರಿದಂತೆ ಐದು ಸೂತ್ರಗಳ ಯೋಜನೆ ಕೊಟ್ಟರು.

ತಾಯಂದಿರ ಪಾಲಿಗೆ ಅದೇ ದಶಕಗಳು ಅಷ್ಟು ಒಳ್ಳೆಯವಲ್ಲ. ಪಶ್ಚಿಮದ ಆಸ್ಪತ್ರೆಗಳಲ್ಲಿ ಮಗುವನ್ನು ತಾಯಿಯಿಂದ ಬೇರೆ ಕೋಣೆಯಲ್ಲಿಟ್ಟು, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಹಾಲೂಡಿಸುವ ಪದ್ಧತಿ ಇತ್ತು. ನಡುವೆ ಹಾಲು ಕಟ್ಟುತ್ತಿತ್ತು. ಶಿಶುಗಳ ಕೋಣೆಯಲ್ಲಿ ಸ್ಟೆಫೈಲೊಕಾಕಸ್ ಒಂದು ಮಗುವಿನ ಮೂಗಿನಿಂದ ಇನ್ನೊಂದಕ್ಕೆ ದಾಟಿ ತಾಯಿಯ ಎದೆ ಸೇರುತ್ತಿತ್ತು. 1950ರ ದಶಕದಲ್ಲಿ ಪೆನಿಸಿಲಿನ್‌ಗೆ ಬಗ್ಗದ ತಳಿಯೊಂದು ಆಸ್ಟ್ರೇಲಿಯಾದಲ್ಲಿ ಮೊದಲು ಪತ್ತೆಯಾಗಿ ಹಲವು ದೇಶಗಳ ಹೆರಿಗೆ ವಾರ್ಡುಗಳನ್ನು ಕಾಡಿತು. ಎದೆ ಬಾವು ಬಂದರೆ ಹಲವು ವೈದ್ಯರ ಸಲಹೆ: ಹಾಲೂಡಿಸುವುದನ್ನು ನಿಲ್ಲಿಸಿ, ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿ. ಅಂದರೆ ಸುಶ್ರುತ ಹೇಳಿದ್ದಕ್ಕೆ ನೇರ ವಿರುದ್ಧ. ದಕ್ಷಿಣ ಭಾರತದಲ್ಲಿ ಹಾಲು ಬತ್ತಿಸಲು ಎದೆಗೆ ಮಲ್ಲಿಗೆ ಹೂ ಕಟ್ಟುವ ರೂಢಿಯೂ ಇದೆ. ಇದನ್ನು ವೈದ್ಯರು ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಲು ಉಕ್ಕಿಸುವ ಹಾರ್ಮೋನು ಮಲ್ಲಿಗೆಯಿಂದಲೂ ಇಳಿದದ್ದು ಕಂಡುಬಂತು.

ಗಾಳಿ ತಿರುಗಿದ್ದು 1984ರಲ್ಲಿ. ಹಾಲು ಹೊರತೆಗೆಯುತ್ತಿದ್ದ ತಾಯಂದಿರು ಬೇಗ ಗುಣವಾಗುತ್ತಾರೆ ಎಂದು ಡೆನ್ಮಾರ್ಕಿನ ಅಧ್ಯಯನವೊಂದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಈ ರೋಗದ ಬಗ್ಗೆಯೇ ಒಂದು ಪುಸ್ತಿಕೆ ತಂದು, ಹಾಲೂಡಿಸುವುದನ್ನು ನಿಲ್ಲಿಸಬೇಡಿ ಎಂದಿತು. ಹಸುವಿಗೆ ಪರೀಕ್ಷೆ ಸಿಕ್ಕಿ ನಾಲ್ಕು ದಶಕ ಕಳೆದ ಮೇಲೆ!

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಸ್ತನ್ಯಪಾನ ತಜ್ಞ ವೈದ್ಯರ ಅಂತರರಾಷ್ಟ್ರೀಯ ಅಕಾಡೆಮಿ 2022ರಲ್ಲಿ ಸಲಹೆಯನ್ನು ಮತ್ತೆ ತಿದ್ದಿತು. ಮಗು ಕೇಳಿದಷ್ಟು ಊಡಿಸಿ. ಆದರೆ ಖಾಲಿ ಮಾಡಲೇಬೇಕೆಂದು ಹೆಚ್ಚು ಹಿಂಡಬೇಡಿ, ಹಿಂಡಿದಷ್ಟೂ ಹಾಲು ಹೆಚ್ಚಿ ಊತ ಬಲಿಯುತ್ತದೆ. ಜೋರಾಗಿ ತಿಕ್ಕಬೇಡಿ, ತಣ್ಣನೆಯ ಪಟ್ಟಿ ಇಡಿ. ಎಷ್ಟೋ ಸಲ ಅದು ಬರೀ ಊತ, ಸೋಂಕಲ್ಲ. ಎಲ್ಲಕ್ಕೂ ಆ್ಯಂಟಿಬಯೋಟಿಕ್ ಬೇಕಿಲ್ಲ. ಒಂದು ದಿನ ಕಳೆದರೂ ಜ್ವರ, ನೋವು ಇಳಿಯದಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು. ಅಲ್ಲಿಗೆ ಸದಾ ಹಿಂಡಿ ಎಂದ ಸುಶ್ರುತನೂ ಅರ್ಧ ಮಾತ್ರ ಗೆದ್ದಂತಾಯಿತು.

ಆ್ಯಂಟಿಬಯೋಟಿಕ್ ಮಿತವಾಗಿರಲಿ ಎಂಬ ಮಾತು ಕೊಟ್ಟಿಗೆಗೂ ಬಂದಿದೆ. ಇಂಗ್ಲೆಂಡಿನಲ್ಲಿ ಹಸುಗಳ ಕೆಚ್ಚಲು ಬಾವನ್ನು ಅಭ್ಯಾಸ ಮಾಡುತ್ತಿದ್ದ ಸಂಶೋಧಕರು, ಮೆಥಿಸಿಲಿನ್‌ಗೆ ಜಗ್ಗದ ಸ್ಟೆಫೈಲೊಕಾಕಸ್‌ನ ಹೊಸ ರೂಪವೊಂದನ್ನು ಹಾಲಿನಲ್ಲಿ ಪತ್ತೆ ಮಾಡಿ 2011ರಲ್ಲಿ ಪ್ರಕಟಿಸಿದರು. ಅದೇ ರೂಪ ಮನುಷ್ಯರಲ್ಲೂ ಸಿಕ್ಕಿತು. ನಮ್ಮಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ, ಬೆಂಗಳೂರಿನ ಟ್ರಾನ್ಸ್-ಡಿಸಿಪ್ಲಿನರಿ ವಿಶ್ವವಿದ್ಯಾಲಯದ ನೆರವಿನೊಂದಿಗೆ ಹಳ್ಳಿ ಮದ್ದೊಂದನ್ನು ರೈತರಿಗೆ ಹೇಳಿಕೊಡುತ್ತಿದೆ. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಸೇರಿಸಿ ಅರೆದರೆ ಓಕುಳಿಯಂತೆ ಕೆಂಪಾಗುತ್ತದೆ. ಕೆಚ್ಚಲು ತೊಳೆದು, ಹಾಲು ಪೂರ್ತಿ ಕರೆದು, ಇದನ್ನು ನೀರಿನಲ್ಲಿ ತೆಳ್ಳಗೆ ಮಾಡಿಕೊಂಡು ದಿನಕ್ಕೆ ಎಂಟು ಹತ್ತು ಸಲ, ಐದು ದಿನ ಸವರಬೇಕು.